ಎರಡು ನದಿಗಳ ನಡುವೆ ಸೈಕಲ್ ಸವಾರಿ

(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಸೈಕಲ್ ಪ್ರವಾಸ ಎಂದ ಕೂಡಲೇ ಹಲವರಿಗೆ ಕರಾವಳಿ ನೆನಪಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಬದಿಯಲ್ಲೇ ಸೈಕಲ್ ತುಳಿಯುತ್ತ ಹೋಗುವವರಿದ್ದಾರೆ. ಮರವಂತೆಯಲ್ಲಂತೂ ರಸ್ತೆಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. "ನಮ್ಮಲ್ಲಿ ಅಂಥದ್ದು ಏನಿದೆ? ಬಿಸಿಲು, ಕಲ್ಲು, ಎರಿ ಹೊಲ, ಅಷ್ಟೇ" ಎಂದು ತರಗತಿಯಲ್ಲಿ ಮಕ್ಕಳು ಹೇಳುತ್ತಾರೆ. ಈ ಮಾತಿಗೆ ಉತ್ತರ ಕೊಡುವುದೇ ಇವತ್ತಿನ ನನ್ನ ಕೆಲಸ.

ನಮಗೆ ಸಮುದ್ರವಿಲ್ಲ, ನಿಜ. ಆದರೆ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ನಡುವಿನ ನೆಲಕ್ಕೆ ಹಳೆಯ ಕನ್ನಡ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ತೊರೆಗಳ ಎಡೆಯಲ್ಲಿರುವ ನಾಡು ಎಂದರ್ಥ. ಫಾರಸಿಯಲ್ಲಿ ಇದನ್ನೇ ದೋಆಬ್ ಎಂದರು. ದೋ ಎಂದರೆ ಎರಡು, ಆಬ್ ಎಂದರೆ ನೀರು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಈ ಎರಡು ಪದಗಳು ಬಹಳ ಪ್ರೀತಿಯವು. ಇಬ್ಬರು ಬೇರೆ ಬೇರೆ ಭಾಷೆಯವರು ಒಂದೇ ನೆಲವನ್ನು ನೋಡಿ ಒಂದೇ ಅರ್ಥದ ಹೆಸರಿಟ್ಟಿದ್ದಾರೆ.

ಈ ನಾಡನ್ನು ತಿಳಿಯಲು ಸೈಕಲ್ಲಿಗಿಂತ ಒಳ್ಳೆಯ ವಾಹನವಿಲ್ಲ. ಬಸ್ಸಿನಲ್ಲಿ ಕುಳಿತರೆ ಊರುಗಳು ಕಿಟಕಿಯಲ್ಲಿ ಓಡಿ ಹೋಗುತ್ತವೆ. ನಡೆದರೆ ಒಂದು ದಿನದಲ್ಲಿ ಹೆಚ್ಚು ದೂರ ಸಾಗದು. ಸೈಕಲ್ ಮೇಲಾದರೆ ದಿನಕ್ಕೆ 40-50 ಕಿ.ಮೀ. ಸುತ್ತಬಹುದು; ಬೇಕೆನಿಸಿದಲ್ಲಿ ಕಾಲೂರಿ ನಿಂತು ಮಾತಾಡಿಸಬಹುದು. ಪೆಟ್ರೋಲ್ ಖರ್ಚಿಲ್ಲ. ನಾನು ಮೂರು ದಾರಿಗಳನ್ನು ಸೂಚಿಸುತ್ತೇನೆ.

ಮೊದಲ ದಾರಿ: ಸಿಂಧನೂರಿನಿಂದ ಮಸ್ಕಿ

ದೂರ ಒಂದು ಬದಿಗೆ ಸುಮಾರು 30 ಕಿ.ಮೀ. ಸಿಂಧನೂರಿನ ಸುತ್ತ ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆಗಳು. ಇದು ತುಂಗಭದ್ರಾ ಎಡದಂಡೆ ಕಾಲುವೆಯ ಕೊಡುಗೆ. 1953ರಲ್ಲಿ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ನೀರು ಬಂತು. ನೀರಿನ ಹಿಂದೆ ಆಂಧ್ರದ ರೈತರು ಬಂದು ಕ್ಯಾಂಪ್‌ಗಳನ್ನು ಕಟ್ಟಿದರು. ಆರ್.ಎಚ್. ಕ್ಯಾಂಪ್‌ಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು ನೆಲೆಸಿದವು. ಅಲ್ಲಿ ಇಂದಿಗೂ ಮನೆಮಾತು ಬಂಗಾಳಿ. ಸೈಕಲ್ ಮೇಲೆ ಒಂದು ಮುಂಜಾನೆ ಸುತ್ತಿದರೆ ಕನ್ನಡ, ಉರ್ದು, ತೆಲುಗು, ಬಂಗಾಳಿ, ಲಂಬಾಣಿ ಇಷ್ಟೂ ಭಾಷೆಗಳು ಕಿವಿಗೆ ಬೀಳುತ್ತವೆ.

ಮಸ್ಕಿಯ ಕಡೆ ಹೊರಟಂತೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಕಾಲುವೆಯ ನೀರು ಇಳಿಯುವ ಕಡೆ ಭತ್ತವಿದೆ. ನೀರು ಏರಲಾರದ ಮೇಲಿನ ಹೊಲಗಳಲ್ಲಿ ಜೋಳ, ತೊಗರಿ, ಕಡಲೆ. ಬಸ್ಸಿನಲ್ಲಿ ಈ ಏರು ತಿಳಿಯುವುದಿಲ್ಲ. ಪೆಡಲ್ ತುಳಿಯುವ ಕಾಲಿಗೆ ಕೂಡಲೇ ತಿಳಿಯುತ್ತದೆ. ಕಾಲುವೆಯ ನೀರು ತಮ್ಮ ಹೊಲಕ್ಕೂ ಬರಲಿ ಎಂದು ಮಸ್ಕಿ ಭಾಗದ ರೈತರು ಏಕೆ ಹೋರಾಡಿದರು ಎಂಬುದು ಪತ್ರಿಕೆ ಓದಿದ್ದಕ್ಕಿಂತ ಚೆನ್ನಾಗಿ ಅಲ್ಲಿ ಅರ್ಥವಾಗುತ್ತದೆ.

ಮಸ್ಕಿಯ ದುರ್ಗದ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇದನ್ನು ಪತ್ತೆ ಮಾಡಿದರು. ಚಿನ್ನದ ಗಣಿಯ ಕೆಲಸದವರಿಗೆ ಚಿನ್ನಕ್ಕಿಂತ ಬೆಲೆಬಾಳುವ ಅಕ್ಷರ ಸಿಕ್ಕಿತು! ಅದುವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಆ ದೇವಾನಾಂಪ್ರಿಯನೇ ಅಶೋಕ ಎಂದು ಹೆಸರು ಹಿಡಿದು ಹೇಳಿದ ಮೊದಲ ಕಲ್ಲು ನಮ್ಮ ಮಸ್ಕಿಯದು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ನಿಷ್ಠೆಯಿದ್ದರೆ ಸಣ್ಣ ಮನುಷ್ಯನೂ ಅದನ್ನು ಪಡೆಯಬಲ್ಲ ಎಂಬುದು ಅದರ ತಿರುಳು. ಬಡ ಮಕ್ಕಳಿಗೆ ಪಾಠ ಹೇಳುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಪಾಠ ಯಾವುದಿದೆ?

ಎರಡನೆಯ ದಾರಿ: ಲಿಂಗಸುಗೂರಿನಿಂದ ಮುದಗಲ್ಲು

ಲಿಂಗಸುಗೂರು ಒಂದು ಕಾಲಕ್ಕೆ ನಿಜಾಮರ ರಾಜ್ಯದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಪಡಿಸಲಾಯಿತು. ಸೈನ್ಯವಿದ್ದ ಊರಾದ್ದರಿಂದ ಹಿರಿಯರ ಬಾಯಲ್ಲಿ ಇದು ಛಾವಣಿ. ಇಲ್ಲಿಂದ ಮುದಗಲ್ಲಿಗೆ ಸುಮಾರು 16 ಕಿ.ಮೀ. ಹೊಸದಾಗಿ ದೂರದ ಸವಾರಿ ಕಲಿಯುವವರಿಗೆ ಇದೇ ಯೋಗ್ಯ ದಾರಿ.

ಮುದಗಲ್ಲಿನ ಕೋಟೆಗಾಗಿ ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು ಮತ್ತೆ ಮತ್ತೆ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಾಹನಿಗೂ ರಾಯಚೂರಿನಲ್ಲಿ ಯುದ್ಧವಾದದ್ದೂ ಈ ದೋಆಬಿಗಾಗಿಯೇ. ಇಂದು ಆ ಕೋಟೆಯ ಕಂದಕದ ಬಳಿ ಸೈಕಲ್ ನಿಲ್ಲಿಸಿ ಒಳಗೆ ಹೋದರೆ ಕನ್ನಡ ಬರಹದ ಕಲ್ಲೂ ಇದೆ, ಫಾರಸಿ ಬರಹದ ಕಲ್ಲೂ ಇದೆ. ಅರಸರು ಹೋದರು, ಎರಡೂ ಅಕ್ಷರಗಳು ಉಳಿದವು. ಮುದಗಲ್ಲಿನ ಮೊಹರಂ ನೋಡಿದವರಿಗೆ ಇನ್ನೂ ಒಂದು ಸಂಗತಿ ಗೊತ್ತು. ಅಲಾಯಿ ಹಬ್ಬಕ್ಕೆ ಎಲ್ಲ ಜಾತಿಯ ಜನ ಬರುತ್ತಾರೆ. ಕರ್ಬಲಾದ ಕತೆಯನ್ನು ನಮ್ಮ ಸೀಮೆಯಲ್ಲಿ ರಿವಾಯತ್ ಪದಗಳಾಗಿ ಕನ್ನಡದಲ್ಲಿ ಹಾಡುತ್ತಾರೆ. ಹೆಸರು ಅರಬಿ ಮೂಲದ್ದು, ಹಾಡು ಕನ್ನಡದ್ದು.

ಮುದಗಲ್ಲಿನ ಹತ್ತಿರವೇ ಪಿಕ್ಲಿಹಾಳವಿದೆ. 1952ರಲ್ಲಿ ಆಲ್ಚಿನ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಇಲ್ಲಿ ಉತ್ಖನನ ನಡೆಸಿದರು. ಸಾವಿರಾರು ವರ್ಷಗಳ ಹಿಂದೆ ಇಲ್ಲಿ ದನ ಸಾಕುತ್ತಿದ್ದ ಜನ ಬಂಡೆಗಳ ಮೇಲೆ ಗೂಳಿಗಳ ಚಿತ್ರ ಬಿಡಿಸಿದ್ದಾರೆ. ಸಮುದ್ರ ದಾಟಿ ಅವರು ನೋಡಲು ಬಂದ ಜಾಗಕ್ಕೆ ನಮ್ಮ ಮಕ್ಕಳು ಸೈಕಲ್ ಮೇಲೆ ಹೋಗಬಹುದು.

ಮೂರನೆಯ ದಾರಿ: ಜಲದುರ್ಗ ಮತ್ತು ಹಟ್ಟಿ

ಲಿಂಗಸುಗೂರಿನಿಂದ ಉತ್ತರಕ್ಕೆ ಸುಮಾರು 20 ಕಿ.ಮೀ. ಹೋದರೆ ಜಲದುರ್ಗ. ಕೃಷ್ಣೆ ಇಲ್ಲಿ ಕವಲೊಡೆದು ನಡುಗಡ್ಡೆ ಮಾಡಿದ್ದಾಳೆ, ಅದರ ಮೇಲೆ ಕೋಟೆ. ನಮ್ಮ ಪಾಲಿನ ಕರಾವಳಿ ಇದೇ ಎನ್ನಬಹುದು. ಆದರೆ ಮಳೆಗಾಲದಲ್ಲಿ ಅತ್ತ ಹೋಗಬೇಡಿರಿ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟರೆ ಶೀಲಹಳ್ಳಿಯ ಸೇತುವೆಯೇ ಮುಳುಗಿ ನಡುಗಡ್ಡೆಯ ಜನರಿಗೆ ದಾರಿ ಇಲ್ಲದಂತಾಗುತ್ತದೆ.

ಇನ್ನೊಂದು ದಿನ ಹಟ್ಟಿಗೆ ಹೋಗಬಹುದು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಚಿನ್ನ ತೆಗೆಯುತ್ತಿರುವುದು ನಮ್ಮ ಹಟ್ಟಿ. ಅಲ್ಲಿನ ಹಳೆಯ ಗುಂಡಿಗಳಲ್ಲಿ ಸಿಕ್ಕ ಕಟ್ಟಿಗೆಯನ್ನು ಪರೀಕ್ಷಿಸಿದಾಗ ಸುಮಾರು 2000 ವರ್ಷಗಳ ಹಿಂದೆಯೇ ಇಲ್ಲಿ ಗಣಿಗಾರಿಕೆ ಇತ್ತೆಂದು ತಿಳಿದುಬಂದಿದೆ. ಹೀಗಿರುವ ನಾಡನ್ನು ಹಿಂದುಳಿದದ್ದು ಎಂದು ಹೇಳಿ ತಲೆ ತಗ್ಗಿಸುವ ಮೊದಲು ಒಮ್ಮೆ ಸುತ್ತಿ ನೋಡೋಣ.

ಹೆಣ್ಣುಮಕ್ಕಳ ಸೈಕಲ್

ಈಗ ಪಾಲಕರಲ್ಲಿ ಒಂದು ವಿನಂತಿ. ನಾನು ಹೇಳಿದ ದಾರಿಗಳು ಗಂಡುಮಕ್ಕಳಿಗೆ ಮಾತ್ರವಲ್ಲ. ಏಳನೇ ತರಗತಿ ಮುಗಿದ ಮೇಲೆ ಎಷ್ಟೋ ಹುಡುಗಿಯರ ಓದು ನಿಲ್ಲುವುದು ಬುದ್ಧಿ ಕಡಿಮೆ ಎಂದಲ್ಲ, ಪ್ರೌಢಶಾಲೆ ದೂರ ಎಂದು. ಇದನ್ನು ಮನಗಂಡೇ ಕರ್ನಾಟಕ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನದ ಜೊತೆಗೆ ಲಕ್ಷದಷ್ಟು ಗ್ರಾಮೀಣ ಮಹಿಳೆಯರು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ. ಅವರಲ್ಲಿ ಮುಸ್ಲಿಂ ಯುವತಿಯರೂ ಇದ್ದರು. ಮೊದಮೊದಲು ಜನ ಆಡಿಕೊಂಡರು. ಕೂಲಿಗೆ, ನೀರಿಗೆ, ಮಕ್ಕಳ ಶಾಲೆಗೆ ಅನುಕೂಲವಾದದ್ದು ಕಂಡ ಮೇಲೆ ಆಡಿಕೊಂಡವರೇ ಸುಮ್ಮನಾದರು.

ನಮ್ಮ ಮನೆಗಳಲ್ಲಿ ತಮ್ಮನಿಗೆ ಕೊಟ್ಟ ಸೈಕಲ್ ಅಕ್ಕನಿಗೆ ಏಕೆ ಬೇಡ? ಪಾಲಕರ ಭಯ ನನಗೆ ಅರ್ಥವಾಗುತ್ತದೆ. ಅದು ಪ್ರೀತಿಯ ಭಯ. ಅದಕ್ಕೆ ಉಪಾಯವಿದೆ. ಎಂಟು ಹತ್ತು ಹುಡುಗಿಯರು ಒಟ್ಟಾಗಿ ಹೋಗಲಿ, ಜೊತೆಗೆ ಇಬ್ಬರು ಶಿಕ್ಷಕಿಯರು, ತಾಯಂದಿರಲ್ಲಿ ಒಬ್ಬರು ಇರಲಿ. ಮಸ್ಕಿಯ ಬಂಡೆಯವರೆಗೆ ಹೋಗಿ ಬಂದ ಹುಡುಗಿಗೆ ಮೂರು ಕಿ.ಮೀ. ದೂರದ ಪ್ರೌಢಶಾಲೆ ದೂರವೆನಿಸುವುದಿಲ್ಲ.

ಕೆಲವು ಸೂಚನೆಗಳು

ನವೆಂಬರದಿಂದ ಫೆಬ್ರವರಿವರೆಗೆ ಸವಾರಿಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಬೇಡ. ಫಜರ್ ನಮಾಜಿನ ನಂತರ ಬೆಳಕು ಹರಿದ ಕೂಡಲೇ ಹೊರಟು ಹತ್ತು ಗಂಟೆಯೊಳಗೆ ಹೆಚ್ಚಿನ ದಾರಿ ಮುಗಿಸಿರಿ. ಹಿಂದಿನ ದಿನವೇ ಬ್ರೇಕ್, ಚೈನ್, ಗಾಲಿಯ ಹವಾ ನೋಡಿಕೊಳ್ಳಿರಿ. ಗುಂಪಿಗೊಂದು ಪಂಪು, ಪಾನಾ, ಪಂಕ್ಚರ್ ಸಾಮಾನು ಇರಲಿ. ಪಂಕ್ಚರ್ ಹಾಕುವುದನ್ನು ಪ್ರತಿಯೊಬ್ಬರೂ ಕಲಿಯಿರಿ. ಪ್ರತಿಯೊಬ್ಬರಿಗೆ ಎರಡು ಬಾಟಲಿ ನೀರು, ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಸಾಕು. ಹೆದ್ದಾರಿಯಲ್ಲಿ ಭತ್ತದ ಲಾರಿಗಳ ಓಡಾಟ ಹೆಚ್ಚು, ಆದ್ದರಿಂದ ಎಡಬದಿಗೆ ಒಬ್ಬರ ಹಿಂದೆ ಒಬ್ಬರು ಸಾಗಿರಿ. ಮಳೆಯಾದ ಮೇಲೆ ಎರಿ ಹೊಲದ ದಾರಿ ಹಿಡಿಯಬೇಡಿರಿ, ರಾಡಿ ಮೆತ್ತಿ ಗಾಲಿ ತಿರುಗುವುದೇ ಇಲ್ಲ. ಕಾಲುವೆಯ ಮೆಟ್ಟಿಲಿಗೆ ಇಳಿಯಬೇಡಿರಿ; ಮೇಲೆ ಶಾಂತವಾಗಿ ಕಂಡರೂ ಒಳಗೆ ಸೆಳವು ಜೋರಾಗಿರುತ್ತದೆ. ಶಾಸನ, ಚಿತ್ರಗಳ ಮೇಲೆ ಹೆಸರು ಗೀಚುವುದು ಅಪರಾಧ.

ಕೊನೆಯದಾಗಿ ಸಂಸ್ಥೆಗೆ ಒಂದು ಸಲಹೆ. ಹತ್ತು ಸೈಕಲ್‌ಗಳನ್ನು ಕೊಂಡು ಸಂಸ್ಥೆಯಲ್ಲಿಡೋಣ. ವಾರದ ದಿನಗಳಲ್ಲಿ ದೂರದಿಂದ ಬರುವ ಹೆಣ್ಣುಮಕ್ಕಳು ಅವುಗಳನ್ನು ಬಳಸಲಿ. ರಜೆಯಲ್ಲಿ ಅದೇ ಸೈಕಲ್‌ಗಳು ಮಸ್ಕಿ, ಮುದಗಲ್ಲು, ಜಲದುರ್ಗಗಳಿಗೆ ಹೊರಡಲಿ. ಹೋಗಿ ಬಂದವರು ಕಂಡದ್ದನ್ನು ಒಂದು ಪುಟ ಕನ್ನಡದಲ್ಲಿ, ಒಂದು ಪುಟ ಉರ್ದುವಿನಲ್ಲಿ ಬರೆಯಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಪುಟಗಳನ್ನು ಓದಲು ನಾವೆಲ್ಲ ಕಾದಿರುತ್ತೇವೆ.