ನಮ್ಮ ಸೀಮೆಯ ಕಾಡುಬೆಕ್ಕುಗಳು



ಹಗಲಿರುಳೂ ಮಗ್ಗದ ಸದ್ದು ಕೇಳಿಬರುವ ಈ ದೊಡ್ಡಬಳ್ಳಾಪುರದಲ್ಲಿ ಬೆಕ್ಕಿನ ವಂಶಕ್ಕೆಂದೇ ಮೀಸಲಾದ ಪ್ರದರ್ಶನವೊಂದನ್ನು ಏರ್ಪಡಿಸಿ, ಅದನ್ನು ಕ್ರಮೇಣ ಬೆಳೆಸಿ ಸ್ಥಿರವಾದ ವಸ್ತುಸಂಗ್ರಹಾಲಯವನ್ನಾಗಿ ಮಾಡಬೇಕೆಂಬ ಸಂಕಲ್ಪವನ್ನು ತಳೆದಿರುವ ಇಲ್ಲಿಯ ಯುವಕರ ಉತ್ಸಾಹವು ನನಗೆ ಅತ್ಯಂತ ಸಂತೋಷವನ್ನುಂಟುಮಾಡಿದೆ. ಹುಲಿಯನ್ನು ಕುರಿತು, ಆನೆಯನ್ನು ಕುರಿತು ಪ್ರದರ್ಶನಗಳು ನಡೆಯುವುದುಂಟು. ಅವು ರಾಜಮರ್ಯಾದೆಗೆ ಪಾತ್ರವಾದ ಪ್ರಾಣಿಗಳು. ಆದರೆ ನಮ್ಮ ಹೊಲದ ಬದುವಿನಲ್ಲಿ, ಕೆರೆಯ ಜೊಂಡಿನಲ್ಲಿ, ಗುಂಡುತೋಪಿನ ಒಣಗೆಲೆಗಳ ಮೇಲೆ ಸದ್ದಿಲ್ಲದೆ ನಡೆದುಹೋಗುವ ಸಣ್ಣ ಮಾರ್ಜಾಲಗಳಿಗೆ ಒಂದು ಕೊಠಡಿಯನ್ನು ಮೀಸಲಿಡಬೇಕೆಂದು ಯೋಚಿಸಿದವರು ವಿರಳ.

ಬೆಕ್ಕಿಗಾಗಿ ಸಂಗ್ರಹಾಲಯಗಳನ್ನು ಕಟ್ಟಿದ ನಾಡುಗಳು ಜಗತ್ತಿನಲ್ಲಿ ಇಲ್ಲದಿಲ್ಲ. ಮಲೇಷ್ಯಾ ದೇಶದ ಸರವಾಕ್ ಪ್ರಾಂತದ ಕೂಚಿಂಗ್ ನಗರದಲ್ಲಿ ಪೌರಾಡಳಿತದ ಕಟ್ಟಡದೊಳಗೇ ಅಂಥದೊಂದು ಸಂಗ್ರಹಾಲಯವುಂಟು. ಆಮ್‌ಸ್ಟರ್‌ಡ್ಯಾಮ್ ನಗರದ ಕಾಲುವೆಯ ದಂಡೆಯ ಹಳೆಯ ಮನೆಯೊಂದರಲ್ಲಿ, ತನ್ನನ್ನು ಅಗಲಿದ ಸಾಕುಬೆಕ್ಕಿನ ಸ್ಮರಣಾರ್ಥವಾಗಿ ಒಬ್ಬ ಗೃಹಸ್ಥನು 1990ರಲ್ಲಿ ಸ್ಥಾಪಿಸಿದ್ದು ಇನ್ನೊಂದು. ಬೋರ್ನಿಯೋ ದ್ವೀಪವನ್ನು ಬಿಟ್ಟರೆ ಭೂಮಂಡಲದ ಬೇರೆಲ್ಲಿಯೂ ಕಾಣಸಿಗದ ಕೆಂಗಂದು ಬಣ್ಣದ ಕಾಡುಬೆಕ್ಕೊಂದು ಸರವಾಕಿನ ಅರಣ್ಯಗಳಲ್ಲಿದೆ. ಆದುದರಿಂದ ಅಲ್ಲಿಯ ಜನ ಬೆಕ್ಕಿನ ವಿಷಯದಲ್ಲಿ ಅಭಿಮಾನಪಡುವುದು ಯುಕ್ತವೇ. ಆದರೆ ಜಗತ್ತಿನ ಕಾಡುಬೆಕ್ಕುಗಳಲ್ಲೆಲ್ಲ ಅತ್ಯಂತ ಚಿಕ್ಕದಾದುದು ನಮ್ಮ ಭಾರತ, ಸಿಂಹಳ, ನೇಪಾಳಗಳಲ್ಲಿ ಮಾತ್ರವೇ ಇದೆಯೆಂಬುದನ್ನೂ, ನಂದಿಬೆಟ್ಟದ ಸಾಲಿನಂಥ ಬಂಡೆಗಲ್ಲಿನ ಕುರುಚಲುಗಾಡು ಅದಕ್ಕೆ ಒಪ್ಪುವ ನೆಲೆಯೆಂಬುದನ್ನೂ ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಈ ಪ್ರದರ್ಶನವು ಅಷ್ಟನ್ನು ತಿಳಿಸಿಕೊಟ್ಟರೂ ಸಾರ್ಥಕವೆಂದು ಭಾವಿಸುತ್ತೇನೆ.

ಮನೆಯ ಬೆಕ್ಕಿನ ವಿಚಾರದಲ್ಲಿ ನಮ್ಮ ಜನರ ಮನಸ್ಸು ಎರಡಾಗಿದೆ. ಹಾಲನ್ನು ಕಣ್ಣು ಮುಚ್ಚಿ ಕುಡಿಯುವ ಕಪಟಿಯೆಂದು ಗಾದೆಯಲ್ಲಿ ಅದನ್ನು ಹಳಿದೆವು; ದಾರಿಗೆ ಅಡ್ಡಬಂದರೆ ಅಪಶಕುನವೆಂದು ಹಿಂದಿರುಗಿದೆವು. ಆದರೆ ಇದೇ ಕನ್ನಡನಾಡಿನಲ್ಲಿ, ಮಂಡ್ಯ ಜಿಲ್ಲೆಯ ಬೆಕ್ಕಳಲೆ ಎಂಬ ಗ್ರಾಮದಲ್ಲಿ, ಊರಿನ ದೇವತೆ ಮಂಗಮ್ಮನು ಬೆಕ್ಕಿನ ರೂಪದಲ್ಲಿ ಬಂದವಳೆಂಬ ನಂಬಿಕೆಯಿಂದ ಬೆಕ್ಕಿನ ವಿಗ್ರಹಕ್ಕೆ ಪೂಜೆ ನಡೆಯುತ್ತದೆ; ಬೆಕ್ಕನ್ನು ಹೊಡೆಯುವುದು ಅಲ್ಲಿ ಅಪರಾಧ, ಸತ್ತ ಬೆಕ್ಕನ್ನು ಕಂಡವರು ಅದನ್ನು ಹೂಳದೆ ಮುಂದಕ್ಕೆ ಹೋಗುವುದಿಲ್ಲ. ಶ್ರೀವೈಷ್ಣವ ಆಚಾರ್ಯರು ಭಗವಂತನ ಕೃಪೆಯನ್ನು ವಿವರಿಸಹೊರಟಾಗ, ಮರಿಯ ಕಡೆಯಿಂದ ಯಾವ ಪ್ರಯತ್ನವೂ ಇಲ್ಲದೆಯೇ ಅದನ್ನು ಬಾಯಲ್ಲಿ ಕಚ್ಚಿ ಸುರಕ್ಷಿತ ಸ್ಥಾನಕ್ಕೆ ಒಯ್ಯುವ ತಾಯಿಬೆಕ್ಕನ್ನೇ ದೃಷ್ಟಾಂತವಾಗಿ ಆರಿಸಿಕೊಂಡರು. ನಮ್ಮ ಘಾಟಿಯ ಸುಬ್ರಹ್ಮಣ್ಯನ ಸನ್ನಿಧಿಗೆ ವರ್ಷವರ್ಷವೂ ನಡೆದುಕೊಳ್ಳುವ ಭಕ್ತರಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕೆನಿಸುತ್ತದೆ: ಸ್ಕಂದನ ಪತ್ನಿಯಾದ ದೇವಸೇನೆಯನ್ನೇ ಪುರಾಣಗಳು ಷಷ್ಠೀದೇವಿಯೆಂದು ಕರೆದಿವೆ, ಶಿಶುಗಳನ್ನು ಕಾಯುವ ಆ ತಾಯಿಗೆ ವಂಗದೇಶದ ಜನ ಕಲ್ಪಿಸಿದ ವಾಹನ ಬೆಕ್ಕು. ಸ್ವಾಮಿಗೆ ನವಿಲು, ದೇವಿಗೆ ಬೆಕ್ಕು. ಇವೆರಡೂ ನಮ್ಮ ಮಾಕಳಿದುರ್ಗದ ತಪ್ಪಲಿನ ಪೊದೆಗಳಲ್ಲಿ ಒಟ್ಟಿಗೇ ಬಾಳಬಲ್ಲವು.

ಮನೆಯ ಬೆಕ್ಕು ಮನುಷ್ಯನ ಬಳಿಗೆ ಬಂದುದು ಧಾನ್ಯದ ಕಾರಣದಿಂದ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದನ್ನು ಅಗೆದಾಗ ಮನುಷ್ಯನ ಪಕ್ಕದಲ್ಲಿಯೇ ಹೂಳಲ್ಪಟ್ಟ ಬೆಕ್ಕಿನ ಅಸ್ಥಿಪಂಜರವು ದೊರೆಯಿತು. ಪಶ್ಚಿಮ ಏಷ್ಯಾದ ಜನ ಬೇಸಾಯವನ್ನು ಕಲಿತು ಕಾಳನ್ನು ಕೂಡಿಡತೊಡಗಿದಾಗ ಕಾಳಿಗೆ ಇಲಿ ಬಂದಿತು, ಇಲಿಯನ್ನು ಅರಸಿ ಆ ನಾಡಿನ ಕಾಡುಬೆಕ್ಕು ಬಂದಿತು, ಬಂದದ್ದು ಹಾಗೆಯೇ ಉಳಿದುಕೊಂಡಿತು. ಲೋಕದ ಸಾಕುಬೆಕ್ಕುಗಳೆಲ್ಲವೂ ಆ ಒಂದೇ ಮೂಲದವೆಂದು 2007ರಲ್ಲಿ ಪ್ರಕಟವಾದ ಆನುವಂಶಿಕ ಸಂಶೋಧನೆಯೊಂದು ತೋರಿಸಿಕೊಟ್ಟಿದೆ. ಎಂದರೆ, ನಮ್ಮ ಒಲೆಯ ಬೆಚ್ಚನೆಯ ಬೂದಿಯಲ್ಲಿ ಮಲಗುವ ಬೆಕ್ಕು ಹೊರನಾಡಿನಿಂದ ಬಂದ ಅತಿಥಿ. ಈ ಮಣ್ಣಿನ ಮಕ್ಕಳಾದ ಮಾರ್ಜಾಲಗಳು ಬಾಗಿಲಿನಾಚೆ, ಬೇಲಿಯಲ್ಲಿಯೇ ಉಳಿದಿವೆ.

ಆ ಬೇಲಿಯವರಲ್ಲಿ ಮೊದಲನೆಯದು ರೈತರೆಲ್ಲರೂ ಕಾಡುಬೆಕ್ಕೆಂದು ಬಲ್ಲ ಪ್ರಾಣಿ. ಮರಳಿನ ಬಣ್ಣದ ಮೈ, ನೀಳವಾದ ಕಾಲುಗಳು, ಮೈಗೆ ತಕ್ಕಷ್ಟಿಲ್ಲದ ಮೊಟಕು ಬಾಲ, ಬಾಲದ ತುದಿಯಲ್ಲಿ ಕರಿಯ ಬಳೆಗಳು, ಕಿವಿಯ ಕೊನೆಯಲ್ಲಿ ಕಪ್ಪು ಕೂದಲಿನ ಸಣ್ಣ ಕುಚ್ಚು. ಹೆಸರಿನಲ್ಲಿ ಕಾಡು ಇದ್ದರೂ ದಟ್ಟವಾದ ಅರಣ್ಯವು ಅದಕ್ಕೆ ಪ್ರಿಯವಲ್ಲ. ಹುಲ್ಲುಬಯಲು, ಕೆರೆಯಂಚಿನ ಜೊಂಡು, ರಾಗಿಯ ಹೊಲ, ಕಬ್ಬಿನ ತೋಟ, ಇವು ಅದರ ಸಂಚಾರಭೂಮಿ. ಹೊಸಕೋಟೆಯ ಅಮಾನಿಕೆರೆಯಂಥ ಹಿರಿಯ ಕೆರೆಗಳ ಅಂಗಳ ಅದಕ್ಕಾಗಿಯೇ ಹೇಳಿಮಾಡಿಸಿದಂತಿದೆ. ಹುಲ್ಲಿನಲ್ಲಿ ಕಿವಿಗೊಟ್ಟು ನಿಂತು, ಇಲಿಯ ಸದ್ದು ಎಲ್ಲಿಂದ ಬಂದಿತೆಂಬುದನ್ನು ನಿಶ್ಚಯಿಸಿಕೊಂಡು, ನಾಲ್ಕು ಕಾಲನ್ನೂ ನೆಲದಿಂದೆತ್ತಿ ಎಗರಿ ಬೀಳುವ ಅದರ ಬೇಟೆ ನೋಡತಕ್ಕದ್ದು. ರಾಜಸ್ಥಾನದ ಸಾರಿಸ್ಕಾದಲ್ಲಿ ಈ ಜಾತಿಯ ಆಹಾರವನ್ನು ಕ್ರಮವಾಗಿ ಪರೀಕ್ಷಿಸಿದ ವಿಜ್ಞಾನಿಗಳು, ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ತಿನ್ನುತ್ತದೆಂದು ಲೆಕ್ಕಹಾಕಿದರು. ವರ್ಷಕ್ಕೆ ಸಾವಿರಕ್ಕೂ ಮಿಕ್ಕಿತು! ಕಣದಲ್ಲಿ ರಾಗಿಯನ್ನು ಒಕ್ಕುವ ರೈತನು, ತಾನು ಕೂಲಿ ಕೊಡದೆ, ಕೂಳು ಹಾಕದೆ, ಹೆಸರನ್ನು ಸಹ ಕೇಳದೆ ಇರಿಸಿಕೊಂಡಿರುವ ಈ ಕಾವಲುಗಾರನ ದುಡಿಮೆಯನ್ನು ಒಮ್ಮೆ ಎಣಿಸಿ ನೋಡಬೇಕು. ಅದು ಆಗಾಗ ಕೋಳಿಯನ್ನು ಹಿಡಿಯುವುದೂ ಉಂಟು, ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಸಂಜೆಯ ಹೊತ್ತಿಗೆ ಕೋಳಿಗಳನ್ನು ಮಂಕರಿಯಡಿ ಮುಚ್ಚುವ ನಮ್ಮ ಅಜ್ಜಿಯರ ಪದ್ಧತಿಯೇ ಪರಿಹಾರ, ಉರುಳು ಪರಿಹಾರವಲ್ಲ, ವಿಷವಂತೂ ಅಲ್ಲವೇ ಅಲ್ಲ. ಇಲಿಗೆ ಇಟ್ಟ ಪಾಷಾಣವು ಇಲಿಯ ಮೂಲಕ ಬೆಕ್ಕನ್ನು ಸೇರುತ್ತದೆ, ಗೂಬೆಯನ್ನು ಸೇರುತ್ತದೆ. ಮರುವರ್ಷ ಇಲಿಗಳು ಮಾತ್ರ ಹೆಚ್ಚುತ್ತವೆ.

ಎರಡನೆಯದನ್ನು ಕುರಿತು ನಾನು ಸ್ವಲ್ಪ ದೀರ್ಘವಾಗಿ ಮಾತನಾಡಿದರೆ ಸಭಿಕರು ಸೈರಿಸಬೇಕು. ಏಕೆಂದರೆ ಈ ಕೊಠಡಿಯ ನಿಜವಾದ ಒಡೆಯ ಅದೇ. ಜಗತ್ತಿನ ಅತ್ಯಂತ ಚಿಕ್ಕ ಕಾಡುಬೆಕ್ಕೆಂದು ನಾನು ಆಗಲೇ ಹೇಳಿದ್ದು ಇದನ್ನೇ. ತುಕ್ಕಿನ ಬಣ್ಣದ ಚುಕ್ಕೆಗಳುಳ್ಳ ಈ ಕಿರುಬೆಕ್ಕನ್ನು ಪಾಂಡಿಚೇರಿಯಿಂದ ದೊರೆತ ಮಾದರಿಯ ಆಧಾರದ ಮೇಲೆ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಇಸಿಡೋರ್ ಜೆಫ್ರಾಯ್ ಸೇಂಟ್-ಹಿಲೇರ್ ಎಂಬವರು 1831ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯಿಸಿದರು. ಪೂರ್ಣವಾಗಿ ಬೆಳೆದ ಬೆಕ್ಕಿನ ತೂಕ ಸುಮಾರು ಒಂದರಿಂದ ಒಂದೂವರೆ ಕಿಲೋ. ಎಂದರೆ ದೇವನಹಳ್ಳಿಯ ಒಂದು ಒಳ್ಳೆಯ ಚಕ್ಕೋತದ ಹಣ್ಣಿನಷ್ಟು. ಬೂದುಮಿಶ್ರಿತ ಕಂದು ಮೈಮೇಲೆ ಸಾಲುಸಾಲಾಗಿ ತುಕ್ಕುಕೆಂಪಿನ ಚುಕ್ಕೆಗಳು, ಹಣೆಯ ಮೇಲೆ ನೆತ್ತಿಯವರೆಗೆ ಓಡುವ ಗೆರೆಗಳು, ಮುಖಕ್ಕೆ ದೊಡ್ಡದೆನಿಸುವ ಕಣ್ಣುಗಳು. ಹಗಲಿನಲ್ಲಿ ಬಂಡೆಯ ಸಂದಿಯಲ್ಲಿಯೋ ಮರದ ಪೊಟರೆಯಲ್ಲಿಯೋ ಅಡಗಿದ್ದು, ಇರುಳಾದ ಮೇಲೆ ಹೊರಬಿದ್ದು ಇಲಿ, ಸಣ್ಣ ಹಕ್ಕಿ, ಹಲ್ಲಿ, ಕಪ್ಪೆ, ಹುಳುಗಳನ್ನು ಹಿಡಿದು ತಿನ್ನುತ್ತದೆ. ದಕ್ಷಿಣ ಭಾರತದಲ್ಲಿ ಗದ್ದೆಗಳ ನಡುವಣ ಪಾಳುಮನೆಗಳ ಅಟ್ಟದ ಮೇಲೆ ಅದು ಮರಿ ಹಾಕಿದ ನಿದರ್ಶನಗಳೂ ದಾಖಲಾಗಿವೆ. ಮನುಷ್ಯನ ಇಷ್ಟು ಸಮೀಪದಲ್ಲಿ ಇದ್ದೂ ಮನುಷ್ಯನ ಕಣ್ಣಿಗೆ ಇಷ್ಟು ವಿರಳವಾಗಿ ಬೀಳುವ ಪ್ರಾಣಿ ಮತ್ತೊಂದಿರಲಾರದು.

ಅದರ ಧೈರ್ಯವು ಅದರ ಗಾತ್ರಕ್ಕೆ ಅನುಗುಣವಾದುದಲ್ಲ. ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬ ಆಂಗ್ಲ ವಿದ್ವಾಂಸನು ಭಾರತದ ಸಸ್ತನಿಗಳನ್ನು ಕುರಿತು 1867ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಾನು ಈ ಜಾತಿಯ ಮರಿಯೊಂದನ್ನು ಸಾಕಿದ ವೃತ್ತಾಂತವನ್ನು ಹೇಳಿದ್ದಾನೆ. ಅದು ಮನೆಯವರಿಗೆಲ್ಲ ಪ್ರೀತಿಪಾತ್ರವಾಗಿ, ಚುರುಕಾಗಿ ಬೆಳೆಯಿತು. ಎಂಟು ತಿಂಗಳಿನದಾಗಿದ್ದಾಗ ಅದನ್ನು ಚಿಂಕಾರವೆಂಬ ಜಿಂಕೆಯ ಮರಿಯೊಂದು ಇದ್ದ ಕೋಣೆಯೊಳಕ್ಕೆ ಬಿಟ್ಟನಂತೆ. ಕಂಡ ಕ್ಷಣವೇ ಅದು ಹಾರಿ ಆ ಮರಿಯ ಕೊರಳ ಹಿಂಭಾಗವನ್ನು ಕಚ್ಚಿ ಹಿಡಿಯಿತು. ಬಿಡಿಸಬೇಕಾದರೆ ಬಹಳ ಕಷ್ಟವಾಯಿತು. ತನಗಿಂತ ಅನೇಕಪಾಲು ಹಿರಿದಾದ ಪ್ರಾಣಿಯ ಮೇಲೆ, ಯಾರೂ ಕಲಿಸದೆ, ಹುಲಿಯು ಎರಗುವ ಸ್ಥಾನಕ್ಕೇ ಎರಗಿದ ಆ ಮರಿಯನ್ನು ನೆನೆದಾಗಲೆಲ್ಲ, ಪ್ರಕೃತಿಯು ತನ್ನ ಶಕ್ತಿಯನ್ನು ಪ್ರಮಾಣದಲ್ಲಿ ಅಳೆದು ಹಂಚುವುದಿಲ್ಲವೆಂದು ನನಗೆ ತೋರುತ್ತದೆ.

ಈ ಎರಡು ಜಾತಿಯ ಬೆಕ್ಕುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯುಂಟು; ಕೊಲ್ಲುವುದಿರಲಿ, ಹಿಡಿದು ಸಾಕುವುದೂ ಅಪರಾಧ. ಆದರೆ ಇವುಗಳಿಗಿರುವ ಆಪತ್ತು ಕೋವಿಯಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲದಿಂದಲೇ ಬರುತ್ತಿದೆ. ಹುಲಿಗೆ ಅಭಯಾರಣ್ಯವನ್ನು ಗೊತ್ತುಮಾಡಿದ್ದೇವೆ. ಗೋಮಾಳದಲ್ಲಿ ಬದುಕುವ ಬೆಕ್ಕಿಗೆ ಗೋಮಾಳವೇ ಅಭಯಾರಣ್ಯ. ಆ ಗೋಮಾಳ, ಆ ಬೀಳುಭೂಮಿ, ಕತ್ತಾಳೆ ಮತ್ತು ಲಂಟಾನ ಬೆಳೆದ ಆ ದಪ್ಪನೆಯ ಬೇಲಿ, ಕಲ್ಲುಬಂಡೆಗಳ ಆ ಗುಡ್ಡ ನಮ್ಮ ಕಣ್ಣೆದುರಿಗೇ ಕರಗುತ್ತಿವೆ. ದೇವನಹಳ್ಳಿಯಲ್ಲಿ ಸುಮಾರು 4,000 ಎಕರೆಯ ವಿಮಾನ ನಿಲ್ದಾಣವು 2008ರಲ್ಲಿ ಬಾಗಿಲು ತೆರೆದ ಬಳಿಕ ಅದರ ಸುತ್ತಣ ಹೊಲಗಳು ನಿವೇಶನಗಳಾದ ವೇಗವನ್ನು ಇಲ್ಲಿಯ ಹಿರಿಯರು ಬಲ್ಲರು. ಡಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿಗಳನ್ನು ಹಾದು ಹೊಸಕೋಟೆಯನ್ನು ಮುಟ್ಟುವ ಹೊಸ ವರ್ತುಲ ಹೆದ್ದಾರಿಯು ನಮ್ಮ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಅದರ ಉಪಕಾರವನ್ನು ನಾನು ಮರೆತಿಲ್ಲ. ಆದರೆ ರಾತ್ರಿ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ದಾಟಬೇಕಾದ ಒಂದು ಕಿಲೋ ತೂಕದ ಜೀವಕ್ಕೆ ಆ ದಾರವು ಕುಣಿಕೆಯಾಗದಂತೆ ನೋಡಿಕೊಳ್ಳುವ ಹೊಣೆಯೂ ರಸ್ತೆಯನ್ನು ಕಟ್ಟಿದವರದು. ಮೋರಿಗಳನ್ನು ಸ್ವಲ್ಪ ಅಗಲವಾಗಿ, ಒಣ ಅಂಚು ಉಳಿಯುವಂತೆ ಕಟ್ಟಿದರೆ ಸಣ್ಣ ಪ್ರಾಣಿಗಳು ಅವುಗಳೊಳಗಿಂದಲೇ ದಾಟುತ್ತವೆ; ಇದು ದೊಡ್ಡ ವೆಚ್ಚದ ಮಾತಲ್ಲ. ನಮ್ಮ ಗಡಿಯ ಹೆಸರಘಟ್ಟದಲ್ಲಿ 5,000 ಎಕರೆಗೂ ಮೇಲ್ಪಟ್ಟ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವನ್ನಾಗಿ ಮಾಡಲು ರಾಜ್ಯ ಸಚಿವ ಸಂಪುಟವು 2024ರಲ್ಲಿ ಸಮ್ಮತಿಸಿತು. ಮರವಿಲ್ಲದ ಬಯಲೂ ಜೀವದ ನೆಲೆಯೆಂದು ಸರ್ಕಾರವು ಒಪ್ಪಿಕೊಂಡ ಆ ನಿರ್ಣಯವನ್ನು ನಾನು ಹೃತ್ಪೂರ್ವಕವಾಗಿ ಅಭಿನಂದಿಸುತ್ತೇನೆ.

ಕೊಯ್ಲಿನ ಕಾಲದಲ್ಲಿ ನಡೆಯುವ ಒಂದು ಪ್ರಮಾದವನ್ನು ಕುರಿತು ರೈತಬಂಧುಗಳಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಕಬ್ಬನ್ನು ಕಡಿಯುವಾಗಲೋ ರಾಗಿಯನ್ನು ಕೊಯ್ಯುವಾಗಲೋ ಒತ್ತಾದ ಪೈರಿನ ಬುಡದಲ್ಲಿ ಎರಡು ಮೂರು ಮರಿಗಳು ಕಾಣಿಸುತ್ತವೆ, ಮೈಮೇಲೆ ಚುಕ್ಕೆಯೋ ಮಾಸಲು ಪಟ್ಟೆಯೋ ಇರುವುದನ್ನು ಕಂಡವರು ಚಿರತೆಯ ಮರಿಗಳೆಂದು ಕೂಗುತ್ತಾರೆ, ಊರೆಲ್ಲ ನೆರೆಯುತ್ತದೆ, ಮರಿಗಳನ್ನು ಬುಟ್ಟಿಯಲ್ಲಿಟ್ಟು ಊರಿಗೆ ತರುತ್ತಾರೆ. ಬಹಳ ಸಲ ಅವು ಕಾಡುಬೆಕ್ಕಿನ ಮರಿಗಳು. ತಾಯಿ ಎಲ್ಲಿಯೂ ಹೋಗಿರುವುದಿಲ್ಲ. ಜನರ ಸದ್ದಿಗೆ ಹೆದರಿ ಪಕ್ಕದ ಬದುವಿನಲ್ಲಿ ಅಡಗಿ ಕಾಯುತ್ತಿರುತ್ತದೆ. ಆ ನಾಲ್ಕು ಸಾಲು ಪೈರನ್ನು ಅಂದು ಕೊಯ್ಯದೆ ಬಿಟ್ಟು, ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಜನರನ್ನು ದೂರ ಕಳುಹಿಸಿದರೆ ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಒಯ್ಯುತ್ತದೆ. ಮನೆಗೆ ತಂದು ಹಸುವಿನ ಹಾಲೆರೆದ ಮರಿಗಳು ಬದುಕುವುದು ಅಪರೂಪ. ನಿಮ್ಮ ಕರುಣೆಯನ್ನು ದಯಮಾಡಿ ಅಂದು ಕೈಗಿಂತ ಕಾಲಿನಲ್ಲಿ ತೋರಿಸಿ. ಹತ್ತಿರ ಬರಬೇಡಿ, ದೂರ ಸರಿಯಿರಿ.

ಇನ್ನು ಈ ಪ್ರದರ್ಶನದ ವಿಚಾರ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘವು ನಡೆಸಿದ ಸಸ್ತನಿಗಳ ಸಮೀಕ್ಷೆಯಲ್ಲಿ ಧಾರವಾಡ, ಕೆನರಾ ಜಿಲ್ಲೆ, ಕೊಡಗು, ಮೈಸೂರುಗಳಲ್ಲಿ ಸಂಗ್ರಹಿಸಿದ ಚರ್ಮಗಳೂ ತಲೆಬುರುಡೆಗಳೂ ಮುಂಬಯಿ, ಲಂಡನ್ನುಗಳ ಪೆಟ್ಟಿಗೆಗಳನ್ನು ಸೇರಿದವು. ವಿದ್ಯೆಗೆ ಅದು ಉಪಕಾರವಾಯಿತು. ಆದರೆ ಆ ಪ್ರಾಣಿಗಳ ಊರಿನ ಮಕ್ಕಳಿಗೆ ಅವನ್ನು ನೋಡುವ ಅವಕಾಶ ಒದಗಲಿಲ್ಲ. ಇಲ್ಲಿಯ ಕಾರ್ಯಕರ್ತರು ಯಾವ ಪ್ರಾಣಿಯನ್ನೂ ಕೊಲ್ಲದೆ, ಚಿತ್ರ, ಛಾಯಾಚಿತ್ರ, ಹೆಜ್ಜೆಯ ಅಚ್ಚುಗಳಿಂದಲೇ ಕೊಠಡಿಯನ್ನು ತುಂಬಿಸಿದ್ದಾರೆ. ಈಗತಾನೇ ಒಳಗೆ ನೋಡಿ ಬಂದೆ. ಮೇಜಿನ ಮೇಲೆ ಎರಡು ಅಚ್ಚುಗಳನ್ನು ಅಕ್ಕಪಕ್ಕದಲ್ಲಿಟ್ಟಿದ್ದಾರೆ: ಒಂದು ನರಿಯದು, ಇನ್ನೊಂದು ಕಾಡುಬೆಕ್ಕಿನದು. ಎರಡರಲ್ಲಿಯೂ ನಾಲ್ಕು ಬೆರಳುಗಳೇ. ಆದರೆ ನರಿಯ ಬೆರಳಿನ ಮುಂದೆ ಉಗುರಿನ ಚುಚ್ಚು ಕಾಣುತ್ತದೆ, ಬೆಕ್ಕಿನದರಲ್ಲಿ ಇಲ್ಲ. ನಡೆಯುವಾಗ ಬೆಕ್ಕು ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಮಕ್ಕಳೆ, ಇದನ್ನು ಚೆನ್ನಾಗಿ ನೋಡಿಕೊಳ್ಳಿ. ನಾಳೆ ಮಳೆಯಾದ ಮೇಲೆ ಕೆರೆಯ ಏರಿಯ ಮೇಲೆ ನಡೆದು ಹೋಗುವಾಗ ಕೆಸರಿನಲ್ಲಿ ನೀವೇ ಗುರುತಿಸಬಲ್ಲಿರಿ.

ಕಾರ್ಯಕರ್ತರಲ್ಲಿ ನನ್ನದೊಂದು ಕೋರಿಕೆ. ಬಾಗಿಲ ಬಳಿಯಲ್ಲಿ ಒಂದು ದಪ್ಪ ಪುಸ್ತಕವನ್ನಿಡಿ. ಘಾಟಿಯ ದನಗಳ ಜಾತ್ರೆಗೆ ಬರುವ ರೈತರು, ಶಿವಗಂಗೆಯ ಬೆಟ್ಟದ ಕುರಿಗಾಹಿಗಳು, ರಾತ್ರಿ ಲಾರಿ ಓಡಿಸುವವರು, ಮುಂಜಾನೆ ಹಾಲಿನ ಕ್ಯಾನುಗಳನ್ನು ಡೇರಿಗೆ ಸಾಗಿಸುವವರು, ಇವರೆಲ್ಲ ತಾವು ಕಂಡ ಬೆಕ್ಕನ್ನು, ಕಂಡ ಸ್ಥಳವನ್ನು, ದಿನವನ್ನು, ರಸ್ತೆಯಲ್ಲಿ ಸತ್ತುಬಿದ್ದುದಾದರೆ ಅದನ್ನೂ ಅದರಲ್ಲಿ ಬರೆಯಲಿ; ಬರೆಯಲು ಬಾರದವರ ಮಾತನ್ನು ನೀವು ಬರೆದುಕೊಳ್ಳಿ. ಕೆಲವು ವರ್ಷ ಹೀಗೆ ನಡೆದರೆ, ಯಾವ ಮೋರಿಯನ್ನು ಅಗಲಮಾಡಬೇಕು, ಯಾವ ಗೋಮಾಳವನ್ನು ಉಳಿಸಿಕೊಡಿರೆಂದು ತಹಸೀಲ್ದಾರರನ್ನು ಕೇಳಬೇಕು ಎಂಬುದಕ್ಕೆ ಆ ಪುಸ್ತಕವೇ ಸಾಕ್ಷಿಯಾಗುತ್ತದೆ.

ಈ ಪ್ರದರ್ಶನವು ಉದ್ಘಾಟಿತವಾಯಿತೆಂದು ಸಂತೋಷದಿಂದ ಸಾರುತ್ತೇನೆ. ಹಿರಿಯರು ಒಂದು ಗಳಿಗೆ ಇಲ್ಲಿಯೇ ಕುಳಿತಿರಿ. ಮೊದಲು ಮಕ್ಕಳು ಒಳಗೆ ಹೋಗಲಿ.