ಗರುಡನ ವರ, ಗರುಡರ ವ್ರತ

ಉಚ್ಚೈಃಶ್ರವಸ್ಸಿನ ಬಾಲದ ಬಣ್ಣವನ್ನು ಕುರಿತ ಪಣದಲ್ಲಿ, ಸವತಿ ಕದ್ರುವಿನ ವಂಚನೆಯಿಂದ ಸೋತು ದಾಸಿಯಾದ ವಿನತೆಯ ಗರ್ಭದಲ್ಲಿ ಜನಿಸಿ, ತಾನೂ ನಾಗರನ್ನು ಬೆನ್ನ ಮೇಲೆ ಹೊತ್ತು ತಿರುಗಿದ ಗರುಡನು, ತಾಯಿಯ ಬಿಡುಗಡೆಗಾಗಿ ಅಮೃತವನ್ನು ತರಲು ಹೊರಟ ಕಥೆ ಮಹಾಭಾರತದ ಆದಿಪರ್ವದಲ್ಲಿದೆ. ಹಾದಿಯಲ್ಲಿ ಹಸಿವಾಗಿ, ಆನೆಯೊಂದನ್ನೂ ಆಮೆಯೊಂದನ್ನೂ ಉಗುರುಗಳಲ್ಲಿ ಸಿಕ್ಕಿಸಿಕೊಂಡು ಆತನು ಆಲದ ಕೊಂಬೆಯ ಮೇಲೆ ಕುಳಿತನು; ಕೊಂಬೆ ಮುರಿಯಿತು. ನೋಡಿದರೆ ಅದರಲ್ಲಿ ವಾಲಖಿಲ್ಯ ಋಷಿಗಳು ತಲೆಕೆಳಗಾಗಿ ತೂಗುತ್ತ ತಪೋಮಗ್ನರಾಗಿದ್ದಾರೆ! ಅವರಿಗೆ ಕೇಡಾಗದಿರಲೆಂದು ಕೊಂಬೆಯನ್ನು ಕೊಕ್ಕಿನಲ್ಲಿ ಕಚ್ಚಿ, ಇಳಿಯಲು ಎಡೆಗಾಣದೆ ಬೆಟ್ಟದಿಂದ ಬೆಟ್ಟಕ್ಕೆ ಹಾರಿದನಂತೆ. ಮುಂದೆ ಇಂದ್ರನ ವಜ್ರಾಯುಧವು ಬಡಿದಾಗ ನೋವೇ ಆಗದಿದ್ದರೂ, ಯಾವ ಋಷಿಯ ಎಲುಬಿನಿಂದ ಅದು ಆಗಿತ್ತೋ ಆತನ ಗೌರವಾರ್ಥವಾಗಿ ಒಂದೇ ಒಂದು ಗರಿಯನ್ನು ಉದುರಿಸಿದನು. ಬಲಿಷ್ಠರ ಸೌಜನ್ಯಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ನಾನು ಕಾಣೆ.

ಅಮೃತವು ವಶದಲ್ಲಿದ್ದೂ ಒಂದು ಹನಿಯನ್ನಾದರೂ ನಾಲಗೆಗೆ ಸೋಕಿಸದ ಆ ನಿರ್ಲೋಭಕ್ಕೆ ವಿಷ್ಣುವು ಮೆಚ್ಚಿದನು. ಅಮೃತವಿಲ್ಲದೆಯೇ ಅಮರತ್ವ, ನಿನಗಿಂತಲೂ ಮೇಲಣ ಸ್ಥಾನ — ಇವೆರಡನ್ನು ಗರುಡನು ಬೇಡಿದನು. ಪಡೆದ ಮೇಲೆ, ನೀನೂ ಒಂದು ವರವನ್ನು ಕೇಳೆಂದನು. ವಿಷ್ಣುವು ಕೇಳಿದ್ದು ವಾಹನವಾಗೆಂದು. ಹೀಗೆ ಸ್ವಾಮಿಯ ಕೆಳಗೆ ವಾಹನವಾಗಿಯೂ ಮೇಲೆ ಧ್ವಜವಾಗಿಯೂ ನಿಂತ ಆ ಊಳಿಗದಲ್ಲಿ ದೈನ್ಯದ ಸುಳಿವೂ ಇಲ್ಲ.

ಈ ಹೆಸರನ್ನೇ ಧರಿಸಿದ ಮಾನವರು ಹೊಯ್ಸಳರ ನಾಡಿನಲ್ಲಿದ್ದರು. ಒಡೆಯನು ಮಡಿದ ಮೇಲೆ ಬದುಕಿರೆವೆಂದು ಭಾಷೆಯಿತ್ತ ವೀರರಿಗೆ ಗರುಡರೆಂದೇ ಹೆಸರು. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿ ನಿಂತಿರುವ ಕಂಬವು, 1220ರಲ್ಲಿ ಇಮ್ಮಡಿ ವೀರಬಲ್ಲಾಳನು ತೀರಿಕೊಂಡಾಗ ಪತ್ನಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣವನ್ನೊಪ್ಪಿಸಿದ ಕುವರ ಲಕ್ಷ್ಮನ ಸ್ಮಾರಕ. ಅದರ ಮೇಲೆ ಬಿಡಿಸಿರುವ ವೀರರು ಕೈಯಲ್ಲಿ ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿದ್ದಾರೆ. ದೇಗುಲದ ಭಿತ್ತಿಯ ಕುಸುರಿಗೆ ಮನಸೋತು ಬರುವವರಲ್ಲಿ ಎಷ್ಟೋ ಮಂದಿ ಈ ಕಂಬದತ್ತ ಕಣ್ಣೆತ್ತಿಯೂ ನೋಡುವುದಿಲ್ಲ.

ಅವರ ಧೈರ್ಯಕ್ಕೆ ತಲೆಬಾಗುವೆನಾದರೂ ನನ್ನ ಮನಸ್ಸು ಅಷ್ಟಕ್ಕೇ ಸಮಾಧಾನಗೊಳ್ಳದು. ಪುರಾಣದ ಗರುಡನು ಬೇಡಿದ್ದು ಸಾವಿಲ್ಲದಿರವನ್ನು. ಆತನ ಹೆಸರಿನವರು ಮುಡಿಪಿಟ್ಟದ್ದು ಸಾವನ್ನೇ. ಕೃಷ್ಣರಾಜಪೇಟೆಯ ಕಡೆಯ ಅಗ್ರಹಾರ ಬಾಚಹಳ್ಳಿಯಲ್ಲಿ, ಒಂದೇ ಮನೆತನದವರು ತಲೆಮಾರುಗಳ ಕಾಲ ಹೊಯ್ಸಳ ಅರಸರೊಡನೆ ಹೀಗೆ ಮಡಿದುದನ್ನು ಹೇಳುವ ಕಂಬಗಳುಂಟು. ವಿನತೆಯ ಮಗನಾದರೋ ಮೊದಲು ದಾಸ್ಯವನ್ನು ಕಳೆದುಕೊಳ್ಳಹೊರಟು, ಆ ಬಳಿಕವಷ್ಟೇ ತಾನಾಗಿ ಸೇವೆಯನ್ನು ಒಪ್ಪಿದನು. ಆ ಮನೆಯಲ್ಲಿ ಹುಟ್ಟಿದ ಕೂಸಿಗೆ ಅಂಥ ಆಯ್ಕೆಯನ್ನು ಯಾರು ಉಳಿಸಿದ್ದರು?