ಯೋಜನೆಗಳು ಬಂದವು, ನೆಮ್ಮದಿ ಬಂದಿತೇ?



ಕಾರವಾರ-ಅಂಕೋಲಾಗಳ ಆರ್ಥಿಕ ಸ್ಥಿತಿಯನ್ನು ಯೋಜನೆಗಳ ಗಾತ್ರದಿಂದ ಅಳೆಯುವುದು ರೂಢಿ. 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಕೈಗಾ ಅಣುಸ್ಥಾವರದ ಸಾಮರ್ಥ್ಯವಿಂದು 880 ಮೆಗಾವ್ಯಾಟ್. 1986ರಲ್ಲಿ ಶಂಕುಸ್ಥಾಪನೆಗೊಂಡ ಸೀಬರ್ಡ್ ಯೋಜನೆಯ ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ದೇಶಕ್ಕೆ ಬೆಳಕೂ ರಕ್ಷಣೆಯೂ ದೊರೆತವು. ಆದರೆ ನೌಕಾನೆಲೆಗಾಗಿ ನೆಲ, ಕಡಲು ಬಿಟ್ಟುಕೊಟ್ಟ ರೈತರೂ ಮೀನುಗಾರರೂ ನ್ಯಾಯವಾದ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯಗಳಿಗೆ ಅಲೆಯಬೇಕಾಯಿತು. ಬೇಲೆಕೇರಿಯ ಅದಿರಿನ ಅಬ್ಬರ 2010ರ ರಫ್ತು ನಿಷೇಧದೊಂದಿಗೆ ಅಡಗಿತು. 2025ರಲ್ಲಿ ಕೇಣಿಯ ಮೀನುಗಾರರು ಹೊಸ ಬಂದರಿನ ವಿರುದ್ಧ ಬೀದಿಗಿಳಿದುದರ ಹಿಂದೆ ಈ ಅನುಭವವೇ ಇದೆ.

ಸರಕಾರದೊಡನೆ ನ್ಯಾಯ ಕೇಳುವುದು ನಮ್ಮೆಲ್ಲರ ಹಕ್ಕು. ಸಂಪತ್ತು ಧನಿಕರ ನಡುವೆಯಷ್ಟೇ ಸುತ್ತಬಾರದೆಂಬ ಕುರ್‌ಆನಿನ ಆಶಯವನ್ನು ಪಾಲಿಸುವುದು ನಮ್ಮ ಹೊಣೆ. ರಮಝಾನಿನಲ್ಲಿ ಬಾಗಿಲಿಗೆ ಬಂದವರಿಗೆ ಚಿಲ್ಲರೆ ಹಂಚಿದರೆ ಝಕಾತಿನ ಉದ್ದೇಶ ಈಡೇರದು. ಶೇಕಡಾ ಎರಡೂವರೆಯ ಆ ಪಾಲನ್ನು ಜಮಾಅತ್‌ಗಳು ಒಟ್ಟುಗೂಡಿಸಲಿ. ಬಲೆಯಾಗಿ, ಹೊಲಿಗೆ ಯಂತ್ರವಾಗಿ, ಐಟಿಐ ಶುಲ್ಕವಾಗಿ ಅದು ಬಡವರನ್ನು ತಲುಪಲಿ. ಜಾತಿ, ಧರ್ಮ ನೋಡದೆ ನೆರೆಹೊರೆಯವರಿಗೆಲ್ಲ ನೆರವಾಗುವ ಬಡ್ಡಿರಹಿತ ಸಾಲನಿಧಿಯೊಂದು ಕಿನ್ನರದಂತಹ ಊರುಗಳಲ್ಲಿಯೂ ಇರಲಿ.

ಇಂದು ಝಕಾತ್ ಪಡೆಯುವವನು ನಾಳೆ ಕೊಡುವವನಾಗಬೇಕು. ನಾಡಿನ ಆರ್ಥಿಕ ಆರೋಗ್ಯಕ್ಕೆ ಅದಕ್ಕಿಂತ ನಂಬಿಗಸ್ತ ಅಳತೆಗೋಲು ನಮಗೆ ಕಾಣದು.